ಹಳೆಯ ಕಂಪ್ಯೂಟರೂ ಹೊಸ ವಿಂಡೋಸೂ

2025ನೆಯ ಇಸವಿಯ ಅಕ್ಟೋಬರ್ ತಿಂಗಳಿಂದೀಚೆಗೆ ನಮ್ಮ ಶಾಲೆಯ ಕಚೇರಿಗೆ ಬರುವ ರಕ್ಷಕರಲ್ಲಿ ಹಲವರು, ಮಕ್ಕಳ ವಿದ್ಯಾಭ್ಯಾಸದ ಮಾತು ಮುಗಿದು ಬಾಗಿಲಿನ ತನಕ ಹೋದವರು, ಹಿಂದಿರುಗಿ ಬಂದು ಒಂದು ಪ್ರಶ್ನೆಯನ್ನು ಕೇಳುವುದುಂಟು. "ಮಾಷ್ಟ್ರೇ, ನಮ್ಮಲ್ಲಿನ ಲ್ಯಾಪ್‌ಟಾಪಿನ ವಿಂಡೋಸಿಗೆ ಇನ್ನು ಆಯುಷ್ಯ ಇಲ್ಲವಂತೆ. ಹೊಸತು ಹಾಕಿಸುವುದಾ, ಅಲ್ಲ ಇದನ್ನು ಗುಜರಿಗೆ ಕೊಡುವುದಾ?" ಎಂದು ಅಡಿಕೆ ಕೃಷಿಕರೊಬ್ಬರು ನಮ್ಮನ್ನು ಕೇಳಿದರು. ಅವರ ಮಗಳು ನಮ್ಮಲ್ಲಿ ಹತ್ತನೆಯ ತರಗತಿಯಲ್ಲಿ ಕಲಿಯುತ್ತಿದ್ದಾಳೆ. 2020ನೆಯ ಜೂನ್ 1ರಂದು ಕೇರಳದಲ್ಲಿ ವಿಕ್ಟರ್ಸ್ ವಾಹಿನಿಯ ಮೂಲಕ 'ಫಸ್ಟ್ ಬೆಲ್' ಪಾಠಗಳು ಪ್ರಾರಂಭವಾದ ಮೇಲೆ, ಮಕ್ಕಳ ಓದು ನಿಲ್ಲಬಾರದೆಂದು, ಬೇರೆಯವರು ಬಳಸಿ ಬಿಟ್ಟ ಲ್ಯಾಪ್‌ಟಾಪುಗಳನ್ನು ಕೊಂಡವರು ನಮ್ಮ ಕಾಸರಗೋಡಿನ ಹಳ್ಳಿಗಳಲ್ಲಿ ಅನೇಕರಿದ್ದಾರೆ. ಅವರೆಲ್ಲರಿಗೂ ಈಗ ಇದೇ ಚಿಂತೆ.

ಈ ಚಿಂತೆ ನಮ್ಮನ್ನೂ ಬಿಟ್ಟಿರಲಿಲ್ಲ. ಶಾಲೆಯ ಕಚೇರಿಯಲ್ಲಿರುವ ಮೂರು ಕಂಪ್ಯೂಟರುಗಳಲ್ಲಿಯೂ ವಿಂಡೋಸ್ 10 ಇತ್ತು. ಆಡಳಿತ ಸಮಿತಿಯ ಸಭೆಯಲ್ಲಿ ಇದು ಎರಡು ಬಾರಿ ಚರ್ಚೆಗೆ ಬಂದು, "ಮುಖ್ಯೋಪಾಧ್ಯಾಯರು ವಿಚಾರಿಸಿ ವರದಿ ಒಪ್ಪಿಸತಕ್ಕದ್ದು" ಎಂಬಲ್ಲಿಗೆ ನಿಂತಿತು. ನಾವು ಕಂಪ್ಯೂಟರ್ ಶಾಸ್ತ್ರವನ್ನು ಕ್ರಮವಾಗಿ ಓದಿದವರಲ್ಲ. ಆದರೆ ಬಲ್ಲವರನ್ನು ಕೇಳಿ, ಕೈಯಾರೆ ಮಾಡಿ ನೋಡಿ, ಒಂದೆರಡು ಸಲ ಎಡವಿ ತಿಳಿದುಕೊಂಡ ಸಂಗತಿಗಳನ್ನು ನಮ್ಮ ವಿದ್ಯಾರ್ಥಿಗಳ ಮತ್ತು ರಕ್ಷಕರ ಉಪಯೋಗಕ್ಕಾಗಿ ಇಲ್ಲಿ ಬರೆಯುತ್ತಿದ್ದೇವೆ.

ಮೊದಲು ಶಬ್ದದ ಅರ್ಥ. ಕಂಪ್ಯೂಟರಿನಲ್ಲಿ ನಾವು ಕಾಣುವ ಪರದೆ, ಕೀಲಿಮಣೆ, ಒಳಗಿನ ಪ್ರೊಸೆಸರ್, ಡಿಸ್ಕ್ ಇವೆಲ್ಲ ಯಂತ್ರಭಾಗಗಳು. ಪತ್ರ ಬರೆಯುವ, ಲೆಕ್ಕ ಮಾಡುವ, ಅಂತರ್ಜಾಲವನ್ನು ನೋಡುವ ತಂತ್ರಾಂಶಗಳು ಬೇರೆ. ಇವೆರಡರ ನಡುವೆ ನಿಂತು, ಯಾವ ತಂತ್ರಾಂಶಕ್ಕೆ ಎಷ್ಟು ಜಾಗ ಕೊಡಬೇಕು, ಯಾವ ಕಡತವನ್ನು ಎಲ್ಲಿ ಇಡಬೇಕು, ಮುದ್ರಣಯಂತ್ರಕ್ಕೆ ಏನನ್ನು ಕಳುಹಬೇಕು ಎಂದು ಎಲ್ಲವನ್ನೂ ನಡೆಸುವ ಮೇಲ್ವಿಚಾರಕನೇ ಆಪರೇಟಿಂಗ್ ಸಿಸ್ಟಂ. ಕನ್ನಡದಲ್ಲಿ ಇದನ್ನು ಕಾರ್ಯಾಚರಣ ವ್ಯವಸ್ಥೆ ಎಂದು ಕರೆಯುವ ರೂಢಿಯುಂಟು. ವಿಂಡೋಸ್ ಅಂಥದೊಂದು ವ್ಯವಸ್ಥೆ. ನಮ್ಮ ಮಕ್ಕಳು ಶಾಲೆಯ ಪ್ರಯೋಗಶಾಲೆಯಲ್ಲಿ ಬಳಸುವ ಗ್ನು ಲಿನಕ್ಸ್ ಮತ್ತೊಂದು. ಕಿಸೆಯಲ್ಲಿರುವ ಫೋನಿನ ಆಂಡ್ರಾಯ್ಡ್ ಇನ್ನೊಂದು.

ಈ ವ್ಯವಸ್ಥೆಗೆ ಎರಡು ಬಗೆಯ ಬದಲಾವಣೆಗಳು ಬರುತ್ತವೆ. ಇರುವ ವ್ಯವಸ್ಥೆಯಲ್ಲಿಯೇ ಕಂಡುಬಂದ ದೋಷಗಳನ್ನು ಸರಿಪಡಿಸಲು ತಿಂಗಳು ತಿಂಗಳು ಬರುವ ತಿದ್ದುಪಡಿ ಒಂದು. ಇದಕ್ಕೆ ಅಪ್‌ಡೇಟ್ ಎನ್ನುತ್ತಾರೆ. ವ್ಯವಸ್ಥೆಯನ್ನೇ ಬಿಟ್ಟು ಅದರ ಮುಂದಿನ ಪೀಳಿಗೆಯದನ್ನು ಸ್ಥಾಪಿಸುವುದು ಮತ್ತೊಂದು; ಇದು ಅಪ್‌ಗ್ರೇಡ್. ಮೊದಲನೆಯದರ ವಿಷಯದಲ್ಲಿ ಯೋಚಿಸಬೇಕಾದುದೇನೂ ಇಲ್ಲ, ಬಂದಾಗ ಹಾಕಿಸಿಕೊಳ್ಳತಕ್ಕದ್ದು. ಯೋಚನೆ ಬೇಕಾದದ್ದು ಎರಡನೆಯದಕ್ಕೆ.

ವಿಂಡೋಸ್ 10 ಹೊರಬಂದದ್ದು 2015ನೆಯ ಜುಲೈ 29ರಂದು. ಅದಕ್ಕೆ ಉಚಿತವಾಗಿ ತಿದ್ದುಪಡಿಗಳನ್ನು ಕೊಡುವ ಕಾರ್ಯವನ್ನು ಮೈಕ್ರೋಸಾಫ್ಟ್ ಸಂಸ್ಥೆಯು 2025ನೆಯ ಅಕ್ಟೋಬರ್ 14ರಂದು ಮುಗಿಸಿತು. ಇದಕ್ಕೆ ಮುಂಚೆ ವಿಂಡೋಸ್ ಎಕ್ಸ್‌ಪಿಗೆ 2014ನೆಯ ಏಪ್ರಿಲ್ 8ರಂದೂ, ವಿಂಡೋಸ್ 7ಕ್ಕೆ 2020ನೆಯ ಜನವರಿ 14ರಂದೂ ಹೀಗೆಯೇ ಆಯಿತು. ಆದುದರಿಂದ ಇದು ನಮ್ಮ ಮೇಲೆ ಹಠಾತ್ತಾಗಿ ಎರಗಿದ ಆಪತ್ತಲ್ಲ. ಪ್ರತಿಯೊಂದು ವ್ಯವಸ್ಥೆಗೂ ಮೊದಲೇ ಪ್ರಕಟವಾದ ಅವಧಿಯೊಂದಿರುತ್ತದೆ. ನಾವು ಅದನ್ನು ನೋಡಿರುವುದಿಲ್ಲ, ಅಷ್ಟೆ.

ಅವಧಿ ಮುಗಿಯಿತೆಂದರೆ ಏನರ್ಥ? ಮರುದಿನ ಬೆಳಗ್ಗೆ ಕಂಪ್ಯೂಟರ್ ತೆರೆಯುವುದಿಲ್ಲವೆಂದು ಭಾವಿಸಿದ ರಕ್ಷಕರಿದ್ದಾರೆ. ಹಾಗೇನೂ ಆಗುವುದಿಲ್ಲ. ಆ ಅಡಿಕೆ ಕೃಷಿಕರಿಗೆ ನಾವು ಅವರದೇ ತೋಟದ ಮಾತಿನಲ್ಲಿ ಹೇಳಿದೆವು. ಮಳೆಗಾಲ ಹಿಡಿಯುವ ಮುಂಚೆ ಅಡಿಕೆ ಗೊನೆಗಳಿಗೆ ಮೈಲುತುತ್ತು ಮತ್ತು ಸುಣ್ಣವನ್ನು ಬೆರೆಸಿದ ಬೋರ್ಡೋ ದ್ರಾವಣವನ್ನು ಬಿಡುತ್ತೇವೆ. ನಲವತ್ತು, ನಲವತ್ತೈದು ದಿನ ಕಳೆದ ಮೇಲೆ ಮತ್ತೊಮ್ಮೆ ಬಿಡುತ್ತೇವೆ. ಮೊದಲ ಸಲ ಬಿಟ್ಟ ಮದ್ದು ಮಳೆಗೆ ತೊಳೆದುಹೋಗುತ್ತದೆ. ಹೊಸ ಕಾಯಿಗೆ ಅದು ತಾಗಿರುವುದೂ ಇಲ್ಲ. ಎರಡನೆಯ ಮದ್ದು ತಪ್ಪಿದರೆ ಅಂದೇ ಮರವೇನೂ ಬೀಳುವುದಿಲ್ಲ. ಗೊನೆಗಳು ಹಸುರಾಗಿಯೇ ಇರುತ್ತವೆ. ಆದರೆ ಕೊಳೆರೋಗ ಪಕ್ಕದ ತೋಟಕ್ಕೆ ಬಂದಾಗ ನಮ್ಮ ತೋಟಕ್ಕೆ ತಡೆಯಿರುವುದಿಲ್ಲ. ತಿದ್ದುಪಡಿ ನಿಂತ ವಿಂಡೋಸೂ ಹೀಗೆಯೇ. ವ್ಯವಸ್ಥೆಯಲ್ಲಿ ಹುದುಗಿರುವ ದೋಷಗಳು ಆಗಾಗ ಹೊರಬೀಳುತ್ತಲೇ ಇರುತ್ತವೆ. ಕೆಡುಕು ಮಾಡುವವರು ಆ ಸಂದಿನಿಂದಲೇ ನುಗ್ಗುತ್ತಾರೆ. ಮುಂಚೆ ಸಂದು ಕಂಡೊಡನೆ ಮುಚ್ಚುವವರಿದ್ದರು, ಈಗ ಇಲ್ಲ. "ಹಾಗಾದರೆ ಮದ್ದು ಬಿಡದ ತೋಟ" ಎಂದು ಅವರು ಒಂದೇ ಮಾತಿನಲ್ಲಿ ನಮ್ಮ ವಿವರಣೆಯನ್ನು ಮುಗಿಸಿದರು.

ಇದು ಬರಿಯ ಹೆದರಿಕೆಯ ಮಾತಲ್ಲ. 2017ನೆಯ ಮೇ 12ರಂದು 'ವಾನಾಕ್ರೈ' ಎಂಬ ದುಷ್ಟ ತಂತ್ರಾಂಶವು ಲೋಕದಾದ್ಯಂತ ಹಬ್ಬಿತು. ನೂರೈವತ್ತರಷ್ಟು ದೇಶಗಳಲ್ಲಿ ಎರಡು ಲಕ್ಷಕ್ಕೂ ಮಿಕ್ಕಿದ ಕಂಪ್ಯೂಟರುಗಳ ಕಡತಗಳಿಗೆ ಬೀಗ ಹಾಕಿ, ಅದನ್ನು ತೆಗೆಯಬೇಕಾದರೆ 300 ಡಾಲರುಗಳನ್ನು ತೆರಬೇಕೆಂದು ಅದು ಕೇಳಿತು. ಬ್ರಿಟನ್ನಿನ ಎಷ್ಟೋ ಆಸ್ಪತ್ರೆಗಳಲ್ಲಿ ಶಸ್ತ್ರಚಿಕಿತ್ಸೆಗಳನ್ನು ಮುಂದೂಡಬೇಕಾಯಿತು. ದೂರದ ಸುದ್ದಿಯೆಂದು ತಿಳಿಯಬೇಡಿ. ನಮ್ಮ ರಾಜ್ಯದ ವಯನಾಡು ಜಿಲ್ಲೆಯಲ್ಲಿ ಗ್ರಾಮ ಪಂಚಾಯತಿ ಕಚೇರಿಯೊಂದರ ಕಂಪ್ಯೂಟರುಗಳೂ ಅದಕ್ಕೆ ಸಿಕ್ಕಿಬಿದ್ದವು. ವಿದ್ಯಾರ್ಥಿಗಳು ಗಮನಿಸತಕ್ಕ ಅಂಶವೊಂದು ಇಲ್ಲಿದೆ. ಆ ದೋಷಕ್ಕೆ ತಿದ್ದುಪಡಿಯು ಅದೇ ಮಾರ್ಚ್ 14ರಂದೇ, ಅಂದರೆ ಎರಡು ತಿಂಗಳು ಮುಂಚೆಯೇ, ಬಂದಿತ್ತು. ಬಾಧೆಗೊಳಗಾದವುಗಳಲ್ಲಿ ಬಹುಪಾಲು ಕಂಪ್ಯೂಟರುಗಳಲ್ಲಿದ್ದುದು ಆಗ ಇನ್ನೂ ಅವಧಿ ಮುಗಿಯದ ವಿಂಡೋಸ್ 7. ಮದ್ದು ಮನೆಯಲ್ಲೇ ಇತ್ತು, ಬಿಟ್ಟಿರಲಿಲ್ಲ. ಹೀಗಾಗಿ ಹೊಸ ವ್ಯವಸ್ಥೆಯನ್ನು ಹಾಕಿಸಿ, ಅದರ ತಿದ್ದುಪಡಿಗಳನ್ನು "ನಾಳೆ ನೋಡೋಣ" ಎಂದು ತಳ್ಳುತ್ತಿರುವವರು, ಹಳೆಯದನ್ನೇ ಇಟ್ಟುಕೊಂಡವರನ್ನು ಕಂಡು ನಗಬೇಕಾಗಿಲ್ಲ.

ಮದ್ದಿನ ಮಾತು ಒಂದು ಕಡೆಯಾದರೆ, ಅವಧಿ ಮುಗಿದ ವ್ಯವಸ್ಥೆಯಿಂದ ಇತರ ತಂತ್ರಾಂಶಗಳೂ ಮೆಲ್ಲಗೆ ದೂರ ಸರಿಯುತ್ತವೆ. ಗೂಗಲಿನ ಕ್ರೋಮ್ ಬ್ರೌಸರ್ ವಿಂಡೋಸ್ 7ಕ್ಕೆ ಒಗ್ಗುವ ಆವೃತ್ತಿಗಳನ್ನು 2023ನೆಯ ವರ್ಷದ ಆರಂಭದಲ್ಲಿ ನಿಲ್ಲಿಸಿತು. 109ನೆಯ ಆವೃತ್ತಿಯೇ ಅದಕ್ಕೆ ಕೊನೆಯದು. ಆ ಮೇಲೆ ಜಾಲತಾಣಗಳು ಒಂದೊಂದಾಗಿ ಮುನಿಸಿಕೊಳ್ಳತೊಡಗಿದವು. ಶಾಲೆಯ ದಾಖಲಾತಿಯೆಲ್ಲ ಇಂದು 'ಸಂಪೂರ್ಣ' ಎಂಬ ಜಾಲತಾಣದಲ್ಲಿ, ಬ್ರೌಸರಿನ ಮೂಲಕವೇ ಆಗಬೇಕಾಗಿರುವುದರಿಂದ, ಇದು ನಮಗೆ ಸಣ್ಣ ಸಂಗತಿಯಲ್ಲ.

ಹಾಗಾದರೆ ಕಣ್ಣುಮುಚ್ಚಿ ವಿಂಡೋಸ್ 11ನ್ನು ಹಾಕಿಸಬಹುದೆ? ಇದು 2021ನೆಯ ಅಕ್ಟೋಬರ್ 5ರಂದು ಹೊರಬಂದಿತು. ಸಕ್ರಮವಾದ ವಿಂಡೋಸ್ 10 ಇರುವ ಕಂಪ್ಯೂಟರಿಗೆ ಅದು ಉಚಿತ. ಆದರೆ ಎಲ್ಲ ಕಂಪ್ಯೂಟರುಗಳನ್ನೂ ಅದು ಒಪ್ಪುವುದಿಲ್ಲ. ಕನಿಷ್ಠ 4 ಜಿ.ಬಿ. ರ‍್ಯಾಮ್, 64 ಜಿ.ಬಿ. ಡಿಸ್ಕ್, ಮೈಕ್ರೋಸಾಫ್ಟಿನ ಪಟ್ಟಿಯಲ್ಲಿರುವ 64 ಬಿಟ್ಟಿನ ಪ್ರೊಸೆಸರ್, ಮೋಸದ ತಂತ್ರಾಂಶವು ಆರಂಭದಲ್ಲಿಯೇ ನುಸುಳದಂತೆ ಕಾಯುವ 'ಸೆಕ್ಯೂರ್ ಬೂಟ್', ಮತ್ತು ಟಿ.ಪಿ.ಎಂ. 2.0 ಎಂಬ ರಕ್ಷಣೆಯ ಏರ್ಪಾಡು ಬೇಕು. ಟಿ.ಪಿ.ಎಂ. ಎಂದರೆ ಗುಪ್ತ ಬೀಗದ ಕೈಗಳನ್ನು ಡಿಸ್ಕಿನಲ್ಲಿಡದೆ ಬೇರೆಯಾಗಿ ಕಾಪಾಡುವ ಪೆಟ್ಟಿಗೆ ಎಂದು ತಿಳಿದರೆ ಸಾಕು. ಇಂಟೆಲ್ ಪ್ರೊಸೆಸರುಗಳ ಪೈಕಿ, ಕೆಲವೇ ಅಪವಾದಗಳನ್ನು ಬಿಟ್ಟರೆ, ಎಂಟನೆಯ ಪೀಳಿಗೆಯವು ಮತ್ತು ಅದರ ನಂತರದವು ಮಾತ್ರ ಪಟ್ಟಿಯಲ್ಲಿವೆ. ಆ ಎಂಟನೆಯ ಪೀಳಿಗೆ ಪೇಟೆಗೆ ಬಂದದ್ದೇ 2017ರಲ್ಲಿ. 2020ರಲ್ಲಿ ಕೊಂಡ ಹಳೆಯ ಲ್ಯಾಪ್‌ಟಾಪುಗಳಲ್ಲಿ ಹಲವು ಆರನೆಯ, ಏಳನೆಯ ಪೀಳಿಗೆಯವಾದುದರಿಂದ ಅವು ಬಾಗಿಲಿನ ಹೊರಗೇ ಉಳಿದವು.

ನಿಮ್ಮ ಕಂಪ್ಯೂಟರ್ ಒಳಗಿನದೋ ಹೊರಗಿನದೋ ಎಂದು ತಿಳಿಯಲು ಅಂಗಡಿಗೆ ಹೋಗಬೇಕಾಗಿಲ್ಲ. 'ಪಿಸಿ ಹೆಲ್ತ್ ಚೆಕ್' ಎಂಬ ಚಿಕ್ಕ ತಂತ್ರಾಂಶವನ್ನು ಮೈಕ್ರೋಸಾಫ್ಟೇ ಉಚಿತವಾಗಿ ಕೊಡುತ್ತದೆ. ಅದನ್ನು ನಡೆಸಿದರೆ ಯಾವುದು ಸರಿಯಿದೆ, ಯಾವುದು ಸಾಲದು ಎಂದು ಒಂದೊಂದಾಗಿ ತೋರಿಸುತ್ತದೆ. ಟಿ.ಪಿ.ಎಂ. ಇಲ್ಲವೆಂದು ಹೇಳಿದರೆ ಕೂಡಲೇ ನಿರಾಶರಾಗಬಾರದು. ಕೆಲವು ಕಂಪ್ಯೂಟರುಗಳಲ್ಲಿ ಅದು ಇದ್ದೂ ಆರಿಸಿಟ್ಟಿರುತ್ತದೆ. ನಮ್ಮ ಕಚೇರಿಯ ಒಂದು ಕಂಪ್ಯೂಟರಿನ ಕಥೆ ಹೀಗೆಯೇ ಆಯಿತು: ಅಯೋಗ್ಯವೆಂದು ತೀರ್ಪಾಗಿದ್ದ ಅದು, ಆರಂಭದ ಹೊಂದಿಕೆಯ ಪುಟಕ್ಕೆ ಹೋಗಿ ಒಂದು ಸ್ವಿಚ್ಚನ್ನು ಬದಲಿಸಿದ ಮೇಲೆ ಯೋಗ್ಯವಾಯಿತು. ಆ ಸ್ವಿಚ್ಚನ್ನು ಕಂಡುಹಿಡಿದವನು ಒಂಬತ್ತನೆಯ ತರಗತಿಯ ವಿದ್ಯಾರ್ಥಿ, ನಾವಲ್ಲ.

ಇನ್ನೊಂದು ಮಾತನ್ನು ಇಲ್ಲಿಯೇ ಹೇಳಿಬಿಡುವುದು ಲೇಸು. "ಕಂಪ್ಯೂಟರ್ ತುಂಬ ನಿಧಾನ, ಹೊಸ ವಿಂಡೋಸ್ ಹಾಕಿಸಿದರೆ ವೇಗವಾಗುತ್ತದೆ" ಎಂಬ ನಂಬಿಕೆ ಹಲವರಲ್ಲಿದೆ. ಅದು ತಪ್ಪು. ಹೊಸ ವ್ಯವಸ್ಥೆಯು ಸಾಮಾನ್ಯವಾಗಿ ಹೆಚ್ಚು ಸ್ಥಳವನ್ನೂ ಹೆಚ್ಚು ಶಕ್ತಿಯನ್ನೂ ಬೇಡುತ್ತದೆ. ನಿಧಾನಕ್ಕೆ ಕಾರಣ ಬಹಳ ಸಲ ಒಳಗೆ ತಿರುಗುವ ಹಳೆಯ ಹಾರ್ಡ್ ಡಿಸ್ಕ್. ಅದನ್ನು ತೆಗೆದು ಎಸ್.ಎಸ್.ಡಿ. ಹಾಕಿಸಿದರೆ, ರ‍್ಯಾಮನ್ನು 4ರಿಂದ 8 ಜಿ.ಬಿ.ಗೆ ಏರಿಸಿದರೆ, ಅದೇ ಕಂಪ್ಯೂಟರ್ ಗುರುತು ಸಿಗದಷ್ಟು ಚುರುಕಾಗುವುದನ್ನು ನಾವು ಕಂಡಿದ್ದೇವೆ. ನಿಧಾನವೆಂಬುದು ಬೇರೆ ರೋಗ, ಅವಧಿ ಮುಗಿದದ್ದು ಬೇರೆ ರೋಗ. ಒಂದರ ಮದ್ದನ್ನು ಇನ್ನೊಂದಕ್ಕೆ ಕುಡಿಸಿ ಹಣ ಕಳೆದುಕೊಂಡವರುಂಟು.

ವಿಂಡೋಸ್ 11 ಒಪ್ಪದ ಕಂಪ್ಯೂಟರಿಗೆ ಗತಿಯೇನು? ಪೇಟೆಯಲ್ಲಿ ಕೆಲವರು ಆ ನಿಯಮಗಳ ಕಣ್ಣು ತಪ್ಪಿಸಿ ಅದನ್ನು ಹಾಕಿಕೊಡುವುದುಂಟು. ನಾವು ಅದನ್ನು ಒಪ್ಪುವುದಿಲ್ಲ. ಹಾಗೆ ಹಾಕಿಸಿದ ಕಂಪ್ಯೂಟರಿಗೆ ತಿದ್ದುಪಡಿ ಸಿಗುವ ಭರವಸೆಯಿಲ್ಲವೆಂದು ಮೈಕ್ರೋಸಾಫ್ಟೇ ಹೇಳಿದೆ. ಯಾವ ಮದ್ದಿಗಾಗಿ ಇಷ್ಟು ಪಾಡುಪಟ್ಟೆವೋ ಅದೇ ಕೈತಪ್ಪಿದ ಮೇಲೆ ಪ್ರಯೋಜನವೇನು? ಎರಡನೆಯ ದಾರಿ, ಕಾಲಾವಕಾಶವನ್ನು ಕೊಳ್ಳುವುದು. 2025ರಲ್ಲಿ ಪ್ರಕಟಿಸಿದ ಏರ್ಪಾಡಿನಂತೆ, ಮನೆಯ ಬಳಕೆದಾರರು ವಿಂಡೋಸ್ 10ಕ್ಕೆ 2026ನೆಯ ಅಕ್ಟೋಬರ್ 13ರ ವರೆಗಿನ ರಕ್ಷಣಾ ತಿದ್ದುಪಡಿಗಳಿಗಾಗಿ ಹೆಸರನ್ನು ನೋಂದಾಯಿಸಬಹುದು. ಅದಕ್ಕೆ 30 ಡಾಲರುಗಳ ಶುಲ್ಕವನ್ನು ಗೊತ್ತುಪಡಿಸಿದ್ದರೂ, ಮೈಕ್ರೋಸಾಫ್ಟ್ ಖಾತೆಯೊಡನೆ ಕಂಪ್ಯೂಟರಿನ ಹೊಂದಿಕೆಗಳನ್ನು ಜೋಡಿಸಿದವರಿಗೆ ಶುಲ್ಕವಿಲ್ಲದ ದಾರಿಯನ್ನೂ ಇಟ್ಟರು. ಶಾಲೆಗಳಿಗೆ ಮೊದಲ ವರ್ಷ ಕಂಪ್ಯೂಟರೊಂದಕ್ಕೆ 1 ಡಾಲರ್, ಎರಡನೆಯ ವರ್ಷ 2, ಮೂರನೆಯ ವರ್ಷ 4 ಎಂದು ನಿಗದಿ ಮಾಡಿದರು. ಇದು ಪರಿಹಾರವಲ್ಲ, ಯೋಚಿಸಲು ಸಿಕ್ಕಿದ ಬಿಡುವು. ಆದರೆ ಹತ್ತನೆಯ ತರಗತಿಯ ಮಗುವಿರುವ ಮನೆಗೆ ಆ ಬಿಡುವಿನಿಂದ ಪರೀಕ್ಷೆಯ ವರ್ಷವೊಂದು ಗೊಂದಲವಿಲ್ಲದೆ ಕಳೆಯುವುದಾದರೆ ಅದೂ ದೊಡ್ಡದೇ.

ಮೂರನೆಯ ದಾರಿಯನ್ನು ನಮ್ಮ ಮಕ್ಕಳು ಆಗಲೇ ಬಲ್ಲರು. ಕೇರಳದಲ್ಲಿ 2001ರಲ್ಲಿ ಆರಂಭವಾದ ಐಟಿ ಅಟ್ ಸ್ಕೂಲ್ ಯೋಜನೆಯು ಶಾಲೆಗಳಲ್ಲಿ ಸ್ವತಂತ್ರ ತಂತ್ರಾಂಶವನ್ನೇ ನೆಚ್ಚಿತು. 2017ರಲ್ಲಿ ಅದು 'ಕೈಟ್' ಎಂಬ ಸಂಸ್ಥೆಯಾಯಿತು. ಉಬುಂಟು ಎಂಬ ಲಿನಕ್ಸ್ ವ್ಯವಸ್ಥೆಯ ಆಧಾರದಲ್ಲಿ ಅವರು ಸಿದ್ಧಪಡಿಸಿದ 'ಕೈಟ್ ಗ್ನು ಲಿನಕ್ಸ್' ನಮ್ಮ ಪ್ರಯೋಗಶಾಲೆಯಲ್ಲಿದೆ. ಇದಕ್ಕೆ ಬೆಲೆಯಿಲ್ಲ, ಟಿ.ಪಿ.ಎಂ. ಬೇಕೆಂದು ಕೇಳುವುದಿಲ್ಲ, ಹಳೆಯ ಕಂಪ್ಯೂಟರಿನಲ್ಲಿಯೂ ತಕ್ಕಮಟ್ಟಿಗೆ ನಡೆಯುತ್ತದೆ. ಶಾಲೆಯಲ್ಲಿ ಅದನ್ನೇ ಕಲಿತು, ಮನೆಗೆ ಹೋಗಿ "ನನಗೆ ವಿಂಡೋಸೇ ಬೇಕು" ಎಂದು ಹಠ ಹಿಡಿಯುವ ಮಕ್ಕಳ ಮನಸ್ಸು ನಮಗೆ ಇನ್ನೂ ಅರ್ಥವಾಗಿಲ್ಲ. ಆಟಗಳಿಗಾಗಿಯೇ ಇರಬೇಕು. ಆದರೆ ಉಚಿತವಾದ ವ್ಯವಸ್ಥೆಗೂ ಅವಧಿಯುಂಟೆಂಬುದನ್ನು ಮರೆಯಬಾರದು. ಉಬುಂಟುವಿನ ದೀರ್ಘಾವಧಿಯ ಆವೃತ್ತಿಗಳಿಗೆ ಸಾಮಾನ್ಯವಾಗಿ ಐದು ವರ್ಷಗಳ ತಿದ್ದುಪಡಿ ದೊರೆಯುತ್ತದೆ. 18.04 ಎಂಬ ಆವೃತ್ತಿಗೆ ಅದು 2023ರಲ್ಲಿ ಮುಗಿಯಿತು, 22.04 ಎಂಬ ಆವೃತ್ತಿಗೆ 2027ರ ತನಕ ಇಟ್ಟಿದ್ದಾರೆ. ಅಲ್ಲದೆ ಕೆಲವು ಹಳೆಯ ಮುದ್ರಣಯಂತ್ರಗಳೂ, ವಿಂಡೋಸಿಗೆಂದೇ ಮಾಡಿದ ಕೆಲವು ಲೆಕ್ಕಪತ್ರದ ತಂತ್ರಾಂಶಗಳೂ ಲಿನಕ್ಸಿನಲ್ಲಿ ನಡೆಯುವುದಿಲ್ಲ.

ಇಷ್ಟರ ತನಕ ಹೇಳಿದ್ದು ಎಲ್ಲ ಊರಿನವರಿಗೂ ಸಲ್ಲುವ ಮಾತು. ನಮ್ಮಂಥ ಕನ್ನಡ ಶಾಲೆಗಳಿಗೆ ಇದರಲ್ಲಿ ಬೇರೊಂದು ತೊಡಕಿದೆ. ನಮ್ಮನ್ನು ಬಹಳ ಕಾಲ ಹಿಡಿದು ನಿಲ್ಲಿಸಿದ್ದು ಅದೇ.

ಕಂಪ್ಯೂಟರ್ ಅಕ್ಷರಗಳನ್ನು ಅಕ್ಷರಗಳಾಗಿ ಇಡುವುದಿಲ್ಲ. ಒಂದೊಂದಕ್ಕೆ ಒಂದೊಂದು ಸಂಖ್ಯೆಯನ್ನು ಕೊಟ್ಟು ಆ ಸಂಖ್ಯೆಯನ್ನು ಇಡುತ್ತದೆ. ಯೂನಿಕೋಡ್ ಎಂಬ ಜಾಗತಿಕ ಪದ್ಧತಿಯಲ್ಲಿ 'ಅ' ಎಂಬುದರ ಸಂಖ್ಯೆ 3205, 'ಕ' ಎಂಬುದರದು 3221. ಈ ಸಂಖ್ಯೆಗಳು ಕನ್ನಡ ಲಿಪಿಗೇ ಮೀಸಲು. ಬೇರಾವ ಲಿಪಿಯೂ ಅವನ್ನು ಮುಟ್ಟುವಂತಿಲ್ಲ. ಕನ್ನಡವು 1991ರಲ್ಲಿಯೇ ಯೂನಿಕೋಡಿಗೆ ಸೇರಿತಾದರೂ ನಮ್ಮ ಮೇಜಿನ ಮೇಲಿನ ಕಂಪ್ಯೂಟರುಗಳಲ್ಲಿ ಅದು ಬಳಕೆಗೆ ಬರಲು ಬಹುಕಾಲ ಹಿಡಿಯಿತು. ವಿಂಡೋಸಿನಲ್ಲಿ ಕನ್ನಡದ 'ತುಂಗಾ' ಅಕ್ಷರಶೈಲಿ ಬಂದದ್ದೇ 2001ರ ವಿಂಡೋಸ್ ಎಕ್ಸ್‌ಪಿಯೊಡನೆ. ಆ ಮಧ್ಯಂತರದಲ್ಲಿ ಕನ್ನಡವನ್ನು ಕಾಪಾಡಿದ್ದು 'ಬರಹ', 'ನುಡಿ' ಮುಂತಾದ ತಂತ್ರಾಂಶಗಳು. ಅವುಗಳ ಉಪಕಾರವನ್ನು ನಾವು ಮರೆಯುವಂತಿಲ್ಲ. ಆದರೆ ಅಂದಿನ ಉಪಾಯ ಹೇಗಿತ್ತೆಂದರೆ, ಇಂಗ್ಲಿಷ್ ಅಕ್ಷರಗಳ ಸಂಖ್ಯೆಗಳಿಗೇ ಕನ್ನಡದ ಆಕಾರಗಳನ್ನು ತೊಡಿಸುವುದು. 80 ಎಂಬುದು ಇಂಗ್ಲಿಷಿನ 'ಪಿ' ಅಕ್ಷರದ ಸಂಖ್ಯೆ. ನುಡಿಯ ಹಳೆಯ ಅಕ್ಷರಶೈಲಿಯಲ್ಲಿ ಅದೇ ಸಂಖ್ಯೆ ತಲೆಕಟ್ಟಿಲ್ಲದ ಕಕಾರವಾಗಿ ಕಾಣುತ್ತಿತ್ತು. ತಲೆಕಟ್ಟಿಗೆ ಬೇರೊಂದು ಸಂಖ್ಯೆ. ಅಂದರೆ ಆ ಕಡತದೊಳಗೆ ಕನ್ನಡವಿಲ್ಲ, ಕನ್ನಡದ ವೇಷವಿದೆ. ಆ ಅಕ್ಷರಶೈಲಿ ಇರುವ ತನಕ ಅದು ಕನ್ನಡ. ಅದಿಲ್ಲದ ಕಂಪ್ಯೂಟರಿನಲ್ಲಿ ತೆರೆದರೆ 'ಕನ್ನಡ' ಎಂಬ ಪದವೇ ಯಾವ ಭಾಷೆಯೂ ಅಲ್ಲದ ಗೀಚುಗಳ ಸಾಲಾಗಿ ಕಾಣುತ್ತದೆ.

ನಮ್ಮ ಕಚೇರಿಯ ಹಳೆಯ ಕಂಪ್ಯೂಟರಿನಲ್ಲಿ 2004ರಿಂದ 2011ರ ವರೆಗಿನ ಈ ವಾರ್ಷಿಕ ಸಂಚಿಕೆಯ ಕಡತಗಳೂ, ಹಳೆ ವಿದ್ಯಾರ್ಥಿಗಳ ಪಟ್ಟಿಯೂ, ನಿವೃತ್ತ ಅಧ್ಯಾಪಕರು ಬರೆದಿಟ್ಟ ಶಾಲೆಯ ಇತಿಹಾಸವೂ ಇಂಥ ವೇಷದಲ್ಲೇ ಇದ್ದವು. ಆ ಕಂಪ್ಯೂಟರಿನ ವಿಂಡೋಸ್ 10, 32 ಬಿಟ್ಟಿನದು. ವಿಂಡೋಸ್ 11ರಲ್ಲಿ 32 ಬಿಟ್ಟಿನ ಆವೃತ್ತಿಯೇ ಇಲ್ಲ. ಹಳೆಯ ಅಕ್ಷರಶೈಲಿಗಳನ್ನು ಹೊಸ ವ್ಯವಸ್ಥೆಯಲ್ಲಿಯೂ ಸೇರಿಸಬಹುದೆಂಬುದು ನಿಜ. ಆದರೆ ತೀರ ಹಳೆಯ ಕಾಲದ 16 ಬಿಟ್ಟಿನ ತಂತ್ರಾಂಶಗಳೂ, 32 ಬಿಟ್ಟಿನ ವ್ಯವಸ್ಥೆಗೆಂದು ಮಾಡಿದ ಮುದ್ರಣಯಂತ್ರದ ಚಾಲಕಗಳೂ ಅಲ್ಲಿ ನಡೆಯುವುದಿಲ್ಲ. ಗಡಿಯಾಚೆ ಇರುವ ನಮಗೆ ಕನ್ನಡದ ಒಂದೊಂದು ಪುಟವೂ ಲೆಕ್ಕಕ್ಕೆ ಬರುವಂಥದು. ಈ ಊರಿನ ಮಕ್ಕಳು ಬರೆದ ಪದ್ಯಗಳು, ಅವರ ಅಜ್ಜಂದಿರು ಹೇಳಿ ಬರೆಯಿಸಿದ ಕಥೆಗಳು ಬೇರಾವ ಗ್ರಂಥಾಲಯದಲ್ಲಿಯೂ ಇಲ್ಲ. ವ್ಯವಸ್ಥೆಯನ್ನು ಬದಲಿಸುವ ಭರದಲ್ಲಿ ಅವು ಗೀಚುಗಳಾಗಿ ಹೋದರೆ ತಿದ್ದಿಕೊಡುವವರು ಯಾರು?

ಇದಕ್ಕೆ ಉಪಾಯವಿದೆ. ಹಳೆಯ ಸಂಕೇತದ ಕಡತಗಳನ್ನು ಯೂನಿಕೋಡಿಗೆ ಪರಿವರ್ತಿಸುವ ಸೌಲಭ್ಯ ನುಡಿ ಮೊದಲಾದ ತಂತ್ರಾಂಶಗಳಲ್ಲಿಯೇ ಉಂಟು. ಒಂದು ಕ್ಷಣದಲ್ಲಿ ಕೆಲಸ ಮುಗಿಯುತ್ತದೆ ಎನ್ನುತ್ತಾರೆ; ಮುಗಿಯುವುದಿಲ್ಲ. ಅರ್ಕಾವತ್ತುಗಳು ಕೆಲವೆಡೆ ಸ್ಥಾನ ತಪ್ಪುತ್ತವೆ. ನಡುವೆ ನಿಜವಾಗಿಯೂ ಇಂಗ್ಲಿಷಿನಲ್ಲಿದ್ದ ಹೆಸರುಗಳು ಅರ್ಥವಿಲ್ಲದ ಕನ್ನಡವಾಗುತ್ತವೆ. ಮಹನೀಯರೊಬ್ಬರ ಪದವಿಯ ಅಕ್ಷರಗಳು ಹೀಗೆ ಮಾರ್ಪಟ್ಟು ಬಂದ ಶಬ್ದವನ್ನು ಇಲ್ಲಿ ಅಚ್ಚುಮಾಡುವಂತಿಲ್ಲ. ಆದುದರಿಂದ ಪರಿವರ್ತಿಸಿದ ಪ್ರತಿಯೊಂದು ಪುಟವನ್ನೂ ಅಚ್ಚಾದ ಸಂಚಿಕೆಯೊಡನೆ ಹೋಲಿಸಿ ಓದಬೇಕು. ಎಂಟನೆಯ ಮತ್ತು ಒಂಬತ್ತನೆಯ ತರಗತಿಗಳ ಮಕ್ಕಳು ಇಬ್ಬಿಬ್ಬರಾಗಿ ಕುಳಿತು, ಒಬ್ಬರು ಓದಿ ಒಬ್ಬರು ತಿದ್ದಿ, ಈ ಕೆಲಸವನ್ನು ನಡೆಸುತ್ತಿದ್ದಾರೆ. ಕಾಗುಣಿತದ ಪಾಠಕ್ಕೆ ಇದಕ್ಕಿಂತ ಒಳ್ಳೆಯ ದಾರಿ ನಮಗೆ ಈ ವರೆಗೆ ಸಿಕ್ಕಿರಲಿಲ್ಲ. ಬೆರಳಚ್ಚಿನವರು ಹೆದರಬೇಕಾಗಿಲ್ಲ, ನಮ್ಮ ನೆರೆಯ ದಕ್ಷಿಣ ಕನ್ನಡದ ಕಿನ್ನಿಕಂಬಳದವರಾದ ಕೆ. ಪಿ. ರಾವ್ ಅವರು ರೂಪಿಸಿದ ಕೀಲಿಮಣೆಯ ವಿನ್ಯಾಸವು ಯೂನಿಕೋಡಿನಲ್ಲಿ ಬರೆಯುವಾಗಲೂ, ಲಿನಕ್ಸಿನಲ್ಲಿಯೂ ದೊರೆಯುತ್ತದೆ. ಬೆರಳಿಗೆ ರೂಢಿಯಾದದ್ದು ಬದಲಾಗುವುದಿಲ್ಲ.

ಇಷ್ಟೆಲ್ಲ ಎಚ್ಚರವನ್ನು ನಾವು ಹುಟ್ಟುವಾಗಲೇ ಪಡೆದು ಬಂದವರಲ್ಲ. ವಿಂಡೋಸ್ 7ರ ಅವಧಿ ಮುಗಿದ 2020ರಲ್ಲಿ, ಫೆಬ್ರವರಿ ತಿಂಗಳಲ್ಲಿ, ಒಂದು ಶುಕ್ರವಾರ ಸಂಜೆ, ಯಾರನ್ನೂ ಕೇಳದೆ ಕಚೇರಿಯ ಕಂಪ್ಯೂಟರೊಂದಕ್ಕೆ ಹೊಸ ವ್ಯವಸ್ಥೆಯನ್ನು ಹಾಕಿಸಿದೆವು. ಕಡತಗಳ ಪ್ರತಿಯನ್ನು ಮಾಡಿಕೊಂಡಿರಲಿಲ್ಲ. ಸೋಮವಾರ ನೋಡಿದರೆ ಮುದ್ರಣಯಂತ್ರ ಉತ್ತರ ಕೊಡುತ್ತಿಲ್ಲ. ಆ ವರ್ಷದ ಸಂಚಿಕೆಗೆಂದು ಮಕ್ಕಳು ಕೊಟ್ಟ ಹನ್ನೆರಡು ಲೇಖನಗಳಿದ್ದ ಪೆಟ್ಟಿಗೆಯೇ ಕಾಣೆ. ಹೊಸದಾಗಿ ಸ್ಥಾಪಿಸುವಾಗ ಡಿಸ್ಕಿನ ಆ ಭಾಗವನ್ನು ಅಳಿಸಲು ಒಪ್ಪಿಗೆಯಿತ್ತವರು ನಾವೇ. ಪರದೆಯ ಮೇಲಿನ ಪ್ರಶ್ನೆಯನ್ನು ಓದದೆ 'ಹೌದು' ಎಂಬುದನ್ನು ಒತ್ತಿದ್ದೆವು. ಮಕ್ಕಳ ಮುಂದೆ ನಿಂತು ಅದನ್ನು ಹೇಳಬೇಕಾಯಿತು. ಏಳು ಮಕ್ಕಳು ಮತ್ತೆ ಬರೆದುಕೊಟ್ಟರು. ಉಳಿದವರು ಕರಡನ್ನು ಇಟ್ಟುಕೊಂಡಿರಲಿಲ್ಲ, ಪರೀಕ್ಷೆ ಹತ್ತಿರವಾಗಿತ್ತು. ಆ ಐದು ಲೇಖನಗಳು ಹೋದವು.

ಹೀಗಾಗಿ ಈ ಬಾರಿ ಮೊದಲು ಮಾಡಿದ್ದು ಪ್ರತಿಗಳನ್ನು. ಎಲ್ಲ ಕಡತಗಳನ್ನೂ ಒಂದು ಹೊರಗಿನ ಹಾರ್ಡ್ ಡಿಸ್ಕಿಗೆ ತುಂಬಿ, ಅದರ ಇನ್ನೊಂದು ಪ್ರತಿಯನ್ನು ಕಾರ್ಯದರ್ಶಿಗಳ ಮನೆಯಲ್ಲಿ ಇಡಿಸಿದೆವು. ಪ್ರತಿ ಮಾಡಿದರೆ ಸಾಲದು, ಅದನ್ನು ಮತ್ತೊಂದು ಕಂಪ್ಯೂಟರಿನಲ್ಲಿ ತೆರೆದು ನೋಡಬೇಕು. ನಾವು ನೋಡಿದಾಗ ಎರಡು ಕಡತಗಳು ತೆರೆಯಲಿಲ್ಲ. ಮೂಲ ಇನ್ನೂ ಇದ್ದುದರಿಂದ ಬಚಾವಾದೆವು. ಖಾತೆಗಳ ಗುಪ್ತಪದಗಳನ್ನು ಒಂದು ನೋಟುಪುಸ್ತಕದಲ್ಲಿ ಬರೆದು ಕಪಾಟಿನಲ್ಲಿಟ್ಟೆವು. ವಿಂಡೋಸ್ 11ರ ಮನೆಬಳಕೆಯ ಆವೃತ್ತಿಯು ಸ್ಥಾಪನೆಯ ಸಮಯದಲ್ಲಿ ಮೈಕ್ರೋಸಾಫ್ಟ್ ಖಾತೆಯನ್ನು ಕೇಳುತ್ತದೆ. ಕೆಲವು ಕಂಪ್ಯೂಟರುಗಳಲ್ಲಿ ಡಿಸ್ಕಿಗೆ ತಾನಾಗಿಯೇ ಬೀಗ ಬೀಳುತ್ತದೆ, ಅದರ ಕೈ ಆ ಖಾತೆಯಲ್ಲಿರುತ್ತದೆ. ಅಂಗಡಿಯವನ ಅಥವಾ ಯಾರೋ ನೆಂಟರ ಹುಡುಗನ ಖಾತೆಯಿಂದ ಸ್ಥಾಪಿಸಿ, ಆ ಮೇಲೆ ಮನೆಯ ಮದುವೆಯ ಚಿತ್ರಗಳಿಗಾಗಿ ಅವನನ್ನು ಹುಡುಕಿಕೊಂಡು ಹೋಗುವ ಪರಿಸ್ಥಿತಿ ಯಾರಿಗೂ ಬಾರದಿರಲಿ. ವಿಂಡೋಸ್ 10ರಿಂದ ನೇರವಾಗಿ ಮೇಲೇರಿದವರಿಗೆ, ಒಗ್ಗದಿದ್ದರೆ ಹತ್ತು ದಿನಗಳೊಳಗೆ ಹಿಂದಿರುಗುವ ಅವಕಾಶವಿದೆಯೆಂಬುದನ್ನೂ ತಿಳಿದಿರಬೇಕು. ಆ ಹತ್ತು ದಿನಗಳಲ್ಲಿ ಮುದ್ರಣಯಂತ್ರ, ಸ್ಕ್ಯಾನರ್, ಕನ್ನಡದ ಬರವಣಿಗೆ ಎಲ್ಲವನ್ನೂ ಪರೀಕ್ಷಿಸಿ ಮುಗಿಸಬೇಕು.

ಕೊನೆಗೆ ನಾವು ಸಮಿತಿಗೆ ಒಪ್ಪಿಸಿದ ವರದಿ ಇದು. ಸಂಪೂರ್ಣ, ಬ್ಯಾಂಕು, ವಿದ್ಯಾರ್ಥಿವೇತನ ಇವುಗಳಿಗೆ ಬಳಸುವ ಕಂಪ್ಯೂಟರಿನಲ್ಲಿ ಮಕ್ಕಳ ಹೆಸರು, ಆಧಾರ್ ಸಂಖ್ಯೆ, ಹಣದ ವ್ಯವಹಾರ ಎಲ್ಲವೂ ಇರುವುದರಿಂದ ಅದು ಒಂದು ದಿನವೂ ಮದ್ದಿಲ್ಲದೆ ಇರಬಾರದು. ಆ ಸ್ವಿಚ್ಚಿನ ಕಂಪ್ಯೂಟರ್ ಅದೇ ಆದುದರಿಂದ ಪೂಜಾ ರಜೆಯಲ್ಲಿ ತರಾತುರಿಯಾಗಿ ಮಾಡದೆ, ಮೊದಲು ಶಾಲೆಗಳಿಗಿರುವ ಆ ಹೆಚ್ಚುವರಿ ಅವಧಿಗೆ ಸೇರಿಸಿ, ಬೇಸಗೆ ರಜೆಯಲ್ಲಿ ವಿಂಡೋಸ್ 11ಕ್ಕೆ ಏರಿಸುವುದು. ಪತ್ರವ್ಯವಹಾರದ ಎರಡನೆಯ ಕಂಪ್ಯೂಟರ್ ಏಳನೆಯ ಪೀಳಿಗೆಯದು, ಅದಕ್ಕೆ ಎಸ್.ಎಸ್.ಡಿ. ಹಾಕಿಸಿ ಲಿನಕ್ಸನ್ನು ಸ್ಥಾಪಿಸುವುದು. ಮೂರನೆಯದಾದ ಹಳೆಯ ಕಂಪ್ಯೂಟರನ್ನು ಏನೂ ಮಾಡದಿರುವುದು. ಅಂತರ್ಜಾಲದ ತಂತಿಯನ್ನು ಕಳಚಿ, ಹೊರಗಿನ ಪೆನ್ ಡ್ರೈವುಗಳನ್ನು ಸೋಕಿಸದೆ, ಹಳೆಯ ಕನ್ನಡ ಕಡತಗಳೆಲ್ಲ ಯೂನಿಕೋಡಿಗೆ ಬರುವ ತನಕ ಹಾಗೆಯೇ ಇಟ್ಟುಕೊಳ್ಳುವುದು. ಮೂರನೆಯ ಮಾತಿಗೆ ಸಮಿತಿಯ ಹಿರಿಯರೊಬ್ಬರು, "ಅವಧಿ ಮುಗಿಯಿತೆಂದು ನೀವೇ ಹೇಳುತ್ತೀರಿ, ಇಟ್ಟುಕೊಳ್ಳುವುದೆಂದೂ ಹೇಳುತ್ತೀರಿ" ಎಂದು ಆಕ್ಷೇಪಿಸಿದರು. ಜಾಲಕ್ಕೆ ಸೇರದ ಕಂಪ್ಯೂಟರಿಗೆ ಹೊರಗಿನ ರೋಗ ತಗಲುವ ದಾರಿ ಬಹಳ ಕಡಿಮೆಯೆಂದೂ, ಅದರೊಳಗೆ ಇರುವುದು ಹಣವಲ್ಲ, ಹಳೆಯ ಬರಹವೆಂದೂ ವಿವರಿಸಿದೆವು. ಅವರು ಪೂರ್ತಿ ಒಪ್ಪಿದಂತೆ ಕಾಣಲಿಲ್ಲ. ನಿರ್ಣಯವಾಯಿತು.

ಅಡಿಕೆ ಕೃಷಿಕರ ಲ್ಯಾಪ್‌ಟಾಪ್ ಆರನೆಯ ಪೀಳಿಗೆಯದೆಂದು ತಿಳಿದುಬಂತು. ಮಗಳು ಅದರಲ್ಲಿ ಮಾಡುವುದು ಪಾಠ ನೋಡುವುದು, ಟಿಪ್ಪಣಿ ಬರೆಯುವುದು, ಇಷ್ಟೇ. ಎಸ್.ಎಸ್.ಎಲ್.ಸಿ. ಪರೀಕ್ಷೆ ಮುಗಿಯುವ ತನಕ ಹೆಚ್ಚುವರಿ ತಿದ್ದುಪಡಿಯ ನೋಂದಣಿಯನ್ನು ಮಾಡಿಸಿಕೊಟ್ಟೆವು. ಆಮೇಲೆ ಲಿನಕ್ಸ್ ಹಾಕುವ ಕೆಲಸವನ್ನು ತಾನೇ ಮಾಡುವೆನೆಂದು ಅವಳು ಹೇಳಿದ್ದಾಳೆ. ತಂದೆಯ ಬ್ಯಾಂಕಿನ ವ್ಯವಹಾರವೆಲ್ಲ ಫೋನಿನಲ್ಲಿ. ಆ ಫೋನಿನ ತಿದ್ದುಪಡಿಗಳು ಯಾವಾಗ ನಿಂತವೆಂದು ನೋಡಿದಾಗ ಅವರೂ ನಾವೂ ಸ್ವಲ್ಪ ಹೊತ್ತು ಸುಮ್ಮನಾದೆವು.

ರಕ್ಷಕರ ಗಮನಕ್ಕೆ: 2004ರಿಂದ 2011ರ ವರೆಗಿನ ಸಂಚಿಕೆಗಳ ಪೈಕಿ ಐದು ಈಗ ಯೂನಿಕೋಡಿಗೆ ಬಂದಿವೆ. ಒಂದರ ತಿದ್ದುವಿಕೆ ನಡೆಯುತ್ತಿದೆ. 2006 ಮತ್ತು 2009ರ ಸಂಚಿಕೆಗಳ ಕಡತಗಳು ಕೆಟ್ಟಿವೆ; ಶಾಲೆಯಲ್ಲಿದ್ದ ಅಚ್ಚಿನ ಪ್ರತಿಗಳು ಗೆದ್ದಲಿಗೆ ಹೋಗಿವೆ. ಯಾರ ಮನೆಯಲ್ಲಾದರೂ ಈ ಎರಡು ವರ್ಷಗಳ ಸಂಚಿಕೆಗಳಿದ್ದರೆ ದಯವಿಟ್ಟು ಕಚೇರಿಗೆ ಕೊಟ್ಟು ಕಳುಹಬೇಕು. ಪ್ರತಿ ಮಾಡಿಕೊಂಡು ಒಂದು ವಾರದೊಳಗೆ ಜೋಪಾನವಾಗಿ ಹಿಂದಿರುಗಿಸುತ್ತೇವೆ.